ಇನ್ಸುಲಿನ್ ಗ್ರಾಹಕ

ಇನ್ಸುಲಿನ್ ಹಾರ್ಮೋನನ್ನು ಗುರುತಿಸಿ ಹಿಡಿದುಕೊಂಡು, ಅದು ಬಂದಿರುವ ಸುದ್ದಿಯನ್ನು ಜೀವಕೋಶದ ಒಳಕ್ಕೆ ಮುಟ್ಟಿಸುವ ಪ್ರೋಟೀನಿಗೆ ಇನ್ಸುಲಿನ್ ಗ್ರಾಹಕ ಎಂದು ಹೆಸರು. ಇದು ಕೋಶದ ಹೊರಪೊರೆಯನ್ನು ತೂರಿಕೊಂಡು ನಿಂತಿರುತ್ತದೆ. ದೊಡ್ಡ ಭಾಗ ಹೊರಗೆ, ಉಳಿದದ್ದು ಒಳಗೆ. ದೇಹದ ಬಹುತೇಕ ಎಲ್ಲ ಕೋಶಗಳಲ್ಲೂ ಗ್ರಾಹಕ ಇದೆ, ಆದರೆ ಸಂಖ್ಯೆ ಒಂದೇ ಸಮನಾಗಿಲ್ಲ. ಕೆಂಪು ರಕ್ತಕಣವೊಂದರ ಮೇಲೆ ಕೆಲವೇ ಡಜನುಗಳಷ್ಟಿದ್ದರೆ, ಯಕೃತ್ತಿನ ಅಥವಾ ಕೊಬ್ಬಿನ ಕೋಶವೊಂದರ ಮೇಲೆ ಲಕ್ಷಕ್ಕೂ ಮಿಕ್ಕಿ ಇರುತ್ತವೆ.

ಇನ್ಸುಲಿನ್ ಎಂಬ ಕೀಲಿಕೈ ಕೋಶದ ಬಾಗಿಲು ತೆರೆಯುತ್ತದೆ, ಸಕ್ಕರೆ ಒಳಗೆ ಹೋಗುತ್ತದೆ ಎಂಬ ವಿವರಣೆ ಎಲ್ಲರಿಗೂ ಪರಿಚಿತ. ನೆನಪಿಡಲು ಸುಲಭವಾಗಿರುವುದರಿಂದಲೇ ಅದು ಗಟ್ಟಿಯಾಗಿ ಬೇರೂರಿದೆ, ಮತ್ತು ವಿಷಯದ ತಿರುಳನ್ನು ಮರೆಸುತ್ತದೆ. ಗ್ರಾಹಕದಲ್ಲಿ ಗ್ಲೂಕೋಸ್ ಹಾದುಹೋಗುವ ರಂಧ್ರವೇ ಇಲ್ಲ. ಯಕೃತ್ತಿನ ಕೋಶಕ್ಕಂತೂ ಗ್ಲೂಕೋಸ್ ಹೋಗಿಬರಲು ಇನ್ಸುಲಿನ್ನಿನ ಅಪ್ಪಣೆ ಬೇಕಾಗಿಲ್ಲ; ಗ್ಲಟ್-2 ಎಂಬ ಬೇರೊಂದು ಪ್ರೋಟೀನು ಆ ದಾರಿಯನ್ನು ಸದಾ ತೆರೆದಿಟ್ಟಿರುತ್ತದೆ. ಹಾಗಿದ್ದೂ ಇನ್ಸುಲಿನ್ ಅತಿ ಮುಖ್ಯವಾಗಿ ಕೆಲಸ ಮಾಡುವ ಅಂಗಗಳಲ್ಲಿ ಯಕೃತ್ತು ಒಂದು. ಗ್ರಾಹಕ ನಿಜವಾಗಿ ಒಂದು ಕಿಣ್ವ. ಇನ್ಸುಲಿನ್ ಹೊರಗೆ ಅಂಟಿಕೊಂಡ ಕೂಡಲೇ ಅದರ ಒಳಭಾಗ ಕೆಲಸಕ್ಕೆ ತೊಡಗಿ, ಕೋಶದೊಳಗಿನ ಪ್ರೋಟೀನುಗಳಿಗೆ ಫಾಸ್ಫೇಟ್ ಗುಂಪುಗಳನ್ನು ಜೋಡಿಸುತ್ತದೆ. ಸುದ್ದಿ ಅಲ್ಲಿಂದ ಮುಂದೆ ಕವಲೊಡೆಯುತ್ತದೆ. ಒಂದೇ ಹಾರ್ಮೋನು ಸ್ನಾಯುವಿನಲ್ಲಿ ಒಂದು, ಯಕೃತ್ತಿನಲ್ಲಿ ಮತ್ತೊಂದು, ಮಿದುಳಿನಲ್ಲಿ ಇನ್ನೊಂದು ಆಜ್ಞೆಯಾಗುವುದು ಈ ಕವಲುಗಳಲ್ಲೇ.

ಶೋಧದ ಇತಿಹಾಸ

ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಬ್ಯಾಂಟಿಂಗ್, ಬೆಸ್ಟ್, ಮೆಕ್ಲಿಯಾಡ್ ಮತ್ತು ಕಾಲಿಪ್ ಸೇರಿ ಇನ್ಸುಲಿನ್ನನ್ನು ಬೇರ್ಪಡಿಸಿದ್ದು 1921-22ರಲ್ಲಿ. ಸಾಯುವ ಸ್ಥಿತಿಯಲ್ಲಿದ್ದ ಮಕ್ಕಳು ಚುಚ್ಚುಮದ್ದಿನಿಂದ ಬದುಕಿದರು. ಆದರೆ ಅದು ಕೋಶದಲ್ಲಿ ಏನು ಮಾಡುತ್ತದೆ ಎಂಬ ಪ್ರಶ್ನೆ ಮುಂದಿನ ಐವತ್ತು ವರ್ಷ ಹಾಗೆಯೇ ಉಳಿಯಿತು. ಅದು ಕೋಶದೊಳಕ್ಕೆ ಹೋಗಿ ಅಲ್ಲಿನ ಕಿಣ್ವಗಳನ್ನೇ ನೇರವಾಗಿ ಚುರುಕುಗೊಳಿಸುತ್ತದೆ ಎಂದು ಅನೇಕರು ನಂಬಿದ್ದರು. 1949ರಲ್ಲಿ ಶಿಕಾಗೊದ ರಾಕ್ಮಿಯೆಲ್ ಲೆವಿನ್ ಈ ನಂಬಿಕೆಯನ್ನು ಒಂದು ಜಾಣ ಪ್ರಯೋಗದಿಂದ ಅಲುಗಾಡಿಸಿದರು. ಸ್ನಾಯುಗಳು ಬಳಸಿಕೊಳ್ಳಲಾಗದ ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ನಾಯಿಗಳಿಗೆ ಕೊಟ್ಟು ನೋಡಿದಾಗ, ಇನ್ಸುಲಿನ್ ಇದ್ದರೆ ಆ ಸಕ್ಕರೆಯೂ ರಕ್ತದಿಂದ ಅಂಗಾಂಶಗಳಿಗೆ ಹೆಚ್ಚಾಗಿ ಹರಡಿಕೊಳ್ಳುತ್ತಿತ್ತು. ಬಳಕೆಯೇ ಆಗದ ಸಕ್ಕರೆ ಒಳಗೆ ಹೋಗುತ್ತಿದೆಯೆಂದರೆ ಇನ್ಸುಲಿನ್ನಿನ ಕೆಲಸ ಕೋಶಪೊರೆಯ ಹತ್ತಿರವೇ ಶುರುವಾಗುತ್ತಿರಬೇಕು ಎಂಬುದು ಅವರ ತರ್ಕ.

ಪೊರೆಯ ಮೇಲೆ ಇನ್ಸುಲಿನ್ನಿಗೇ ಮೀಸಲಾದ ತಾಣವಿದೆ ಎಂದು ಅಳೆದು ತೋರಿಸಿದ್ದು 1971ರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪಿಯರ್ ಫ್ರೇಶೆ, ಜೆಸ್ಸಿ ರಾತ್ ಮತ್ತು ಡೇವಿಡ್ ನೆವಿಲ್. ಅವರು ಇನ್ಸುಲಿನ್ನಿಗೆ ವಿಕಿರಣಶೀಲ ಅಯೋಡಿನ್ ಅಂಟಿಸಿ, ಯಕೃತ್ತಿನ ಕೋಶಪೊರೆಗಳೊಂದಿಗೆ ಬೆರೆಸಿದರು. ಇನ್ಸುಲಿನ್ನಿನ ವಿವಿಧ ರೂಪಗಳು ಪ್ರಾಣಿಯಲ್ಲಿ ಎಷ್ಟು ಪ್ರಬಲವೋ ಪೊರೆಗೆ ಅಂಟುವುದರಲ್ಲೂ ಅಷ್ಟೇ ಪ್ರಬಲವಾಗಿದ್ದವು. ಅಂಟುವಿಕೆ ಆಕಸ್ಮಿಕವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಆಗ ಸಾಧ್ಯವಿರಲಿಲ್ಲ. ಅದೇ ವರ್ಷ ಕೋನೊ ಮತ್ತು ಬಾರಮ್ ಕೊಬ್ಬಿನ ಕೋಶಗಳಲ್ಲಿ ಇನ್ನೊಂದು ಸಂಗತಿ ಗಮನಿಸಿದರು: ಇನ್ಸುಲಿನ್ನಿನ ಪೂರ್ಣ ಪರಿಣಾಮ ಕಾಣಲು ಗ್ರಾಹಕಗಳಲ್ಲಿ ನೂರಕ್ಕೆ ಕೆಲವು ಮಾತ್ರ ಭರ್ತಿಯಾದರೆ ಸಾಕು. ಉಳಿದವು ಹೆಚ್ಚುವರಿ. ಮಧುಮೇಹವನ್ನು ಅರ್ಥ ಮಾಡಿಕೊಳ್ಳುವಾಗ ಈ ಮಾತು ಮತ್ತೆ ಬೇಕಾಗುತ್ತದೆ.

ದೊಡ್ಡ ತಿರುವು 1982ರದು. ಮಸಾಟೊ ಕಸುಗ, ಸಿ. ರೊನಾಲ್ಡ್ ಕಾನ್ ಮತ್ತು ಸಂಗಡಿಗರು ಇನ್ಸುಲಿನ್ ಸೋಕಿದ ಕೋಶಗಳಲ್ಲಿ ಗ್ರಾಹಕದ ಮೇಲೆಯೇ ಫಾಸ್ಫೇಟ್ ಕೂಡಿಕೊಳ್ಳುವುದನ್ನು, ಅದೂ ಟೈರೊಸಿನ್ ಎಂಬ ಅಮೈನೋ ಆಮ್ಲದ ಮೇಲೆ ಕೂಡಿಕೊಳ್ಳುವುದನ್ನು ಕಂಡರು. ಕೋಶದಲ್ಲಿ ಫಾಸ್ಫೇಟ್ ಸಾಮಾನ್ಯವಾಗಿ ಸೆರಿನ್ ಅಥವಾ ಥ್ರಿಯೊನಿನ್ ಮೇಲೆ ಕೂರುತ್ತದೆ. ಟೈರೊಸಿನ್ ಮೇಲೆ ಕೂರುವುದು ವಿರಳ, ಮತ್ತು ಅಲ್ಲಿಯವರೆಗೆ ಅದು ಹೆಚ್ಚಾಗಿ ಕ್ಯಾನ್ಸರ್ ವೈರಸ್ಸುಗಳ ಅಧ್ಯಯನದಲ್ಲಿ ಕೇಳಿಬಂದ ಮಾತು. ಸಕ್ಕರೆಯ ಹಾರ್ಮೋನು ಕೋಶ ಬೆಳವಣಿಗೆಯ ಭಾಷೆಯನ್ನೇ ಬಳಸುತ್ತದೆ ಎಂದು ಆಗ ತಿಳಿಯಿತು. 1985ರಲ್ಲಿ ಆಕ್ಸೆಲ್ ಉಲ್ರಿಕ್ ಅವರ ತಂಡ ಹಾಗೂ ಯೋಸುಕೆ ಎಬಿನ ಅವರ ತಂಡ ಗ್ರಾಹಕದ ಜೀನಿನ ಸಂಕೇತವನ್ನು ಪ್ರತ್ಯೇಕವಾಗಿ ಓದಿ ಮುಗಿಸಿದವು.

ರಚನೆ

ಗ್ರಾಹಕದ ಜೀನು 19ನೆಯ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿದ್ದು, 22 ಎಕ್ಸಾನುಗಳನ್ನು ಹೊಂದಿದೆ. ಮೊದಲಿಗೆ ಒಂದೇ ಉದ್ದನೆಯ ಸರಪಳಿ ತಯಾರಾಗುತ್ತದೆ. ಆಮೇಲೆ ಅದು ಕತ್ತರಿಸಲ್ಪಟ್ಟು ಆಲ್ಫಾ, ಬೀಟಾ ಎಂಬ ಎರಡು ತುಂಡುಗಳಾಗುತ್ತದೆ. ಎರಡು ಆಲ್ಫಾ, ಎರಡು ಬೀಟಾ ಸೇರಿ, ಗಂಧಕದ ಬಂಧಗಳಿಂದ ಬಿಗಿದುಕೊಂಡು ಪೂರ್ಣ ಗ್ರಾಹಕವಾಗುತ್ತದೆ. ಆಲ್ಫಾ ಪೂರ್ತಿ ಹೊರಗಿದೆ, ಇನ್ಸುಲಿನ್ ಹಿಡಿಯುವ ಭಾಗ ಅದು. ಬೀಟಾ ಪೊರೆಯನ್ನು ದಾಟಿ ಒಳಗೆ ಇಳಿಯುತ್ತದೆ. ಟೈರೊಸಿನ್ ಮೇಲೆ ಫಾಸ್ಫೇಟ್ ಕೂರಿಸುವ ಟೈರೊಸಿನ್ ಕೈನೇಸ್ ಕಿಣ್ವ ಇರುವುದು ಅದರ ಒಳತುದಿಯಲ್ಲಿ. ಇಂಥ ಕೈನೇಸ್ ಇರುವ ಇತರ ಅನೇಕ ಗ್ರಾಹಕಗಳು ಒಂಟಿಯಾಗಿ ಅಲೆಯುತ್ತಿದ್ದು ಹಾರ್ಮೋನು ಬಂದಾಗಷ್ಟೇ ಜೋಡಿಯಾಗುತ್ತವೆ. ಇನ್ಸುಲಿನ್ ಗ್ರಾಹಕ ಹುಟ್ಟಿನಿಂದಲೇ ಜೋಡಿ. ಹಾಗಾದರೆ ಹಾರ್ಮೋನು ಬಂದಾಗ ಬದಲಾಗುವುದೇನು ಎಂಬ ಪ್ರಶ್ನೆಗೆ ಉತ್ತರ ಸಿಗಲು ಬಹಳ ಕಾಲ ಹಿಡಿಯಿತು.

11ನೆಯ ಎಕ್ಸಾನನ್ನು ಬಿಟ್ಟೋ ಸೇರಿಸಿಯೋ ಕೋಶ ಈ ಪ್ರೋಟೀನಿನ ಎರಡು ರೂಪಗಳನ್ನು ತಯಾರಿಸುತ್ತದೆ. ಇವುಗಳ ನಡುವಿನ ವ್ಯತ್ಯಾಸ ಬರೀ 12 ಅಮೈನೋ ಆಮ್ಲಗಳದು. ಅದನ್ನು ಸೇರಿಸಿಕೊಂಡ ಬಿ-ರೂಪ ಯಕೃತ್ತಿನಲ್ಲಿ ಹೇರಳ. ಸೇರಿಸಿಕೊಳ್ಳದ ಎ-ರೂಪ ಭ್ರೂಣದಲ್ಲೂ ಕೆಲವು ಗೆಡ್ಡೆಗಳಲ್ಲೂ ಹೆಚ್ಚು. ಅದು ಇನ್ಸುಲಿನ್ನಿನ ಜೊತೆಗೆ ಐಜಿಎಫ್-2 ಎಂಬ ಬೆಳವಣಿಗೆ-ಪ್ರಚೋದಕ ಪ್ರೋಟೀನನ್ನೂ ಗಟ್ಟಿಯಾಗಿ ಹಿಡಿಯಬಲ್ಲದು.

2006ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ವಾರ್ಡ್, ಮೈಕ್ ಲಾರೆನ್ಸ್ ಮೊದಲಾದವರ ತಂಡ ಗ್ರಾಹಕದ ಹೊರಭಾಗದ ಸ್ಫಟಿಕ ರಚನೆಯನ್ನು ಪ್ರಕಟಿಸಿತು. ಇನ್ಸುಲಿನ್ ಇಲ್ಲದಾಗ ಎರಡು ಅರ್ಧಗಳೂ ಮೇಲೆ ಕೂಡಿಕೊಂಡು ಕೆಳಗೆ ಅಗಲವಾಗಿ ಕವಲಿರುತ್ತವೆ. ಪೊರೆಯ ಬಳಿ ಅವುಗಳ ಅಂತರ ಎಷ್ಟೆಂದರೆ ಒಳಗಿನ ಎರಡು ಕೈನೇಸುಗಳು ಒಂದನ್ನೊಂದು ಮುಟ್ಟಲಾರವು. 2013ರಲ್ಲಿ ಇನ್ಸುಲಿನ್ ಅಂಟಿಕೊಂಡ ಸ್ಥಿತಿಯ ಚಿತ್ರವೂ ಸಿಕ್ಕಿತು. 51 ಅಮೈನೋ ಆಮ್ಲಗಳ ಆ ಪುಟ್ಟ ಹಾರ್ಮೋನು ಸುಮ್ಮನೆ ಹೋಗಿ ಕೂರುವುದಿಲ್ಲ. ತನ್ನ ಬಿ ಎಂಬ ಸರಪಳಿಯ ಬಾಲವನ್ನು ಮಡಚಿ ಪಕ್ಕಕ್ಕೆ ಸರಿಸಿ, ಮುಚ್ಚಿಟ್ಟಿದ್ದ ಮೈಯನ್ನು ಗ್ರಾಹಕಕ್ಕೆ ಒಡ್ಡುತ್ತದೆ. ಗ್ರಾಹಕವೂ ಅದಕ್ಕೆ ತಕ್ಕಂತೆ ಹೊರಳುತ್ತದೆ. ಆಮೇಲೆ 2018ರಿಂದ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು ಬಂದವು. ಇನ್ಸುಲಿನ್ ತುಂಬಿಕೊಂಡ ಗ್ರಾಹಕ ಇಂಗ್ಲಿಷ್ ಟಿ ಅಕ್ಷರದ ಆಕಾರ ತಾಳುತ್ತದೆ, ದೂರವಿದ್ದ ಎರಡು ಬುಡಗಳು ಹತ್ತಿರ ಬರುತ್ತವೆ. ಪೂರ್ತಿ ಭರ್ತಿಯಾದಾಗ ನಾಲ್ಕು ಇನ್ಸುಲಿನ್ ಅಣುಗಳು ಹಿಡಿಯುತ್ತವೆ. ಒಂದು ಅಣು ಕೂತ ಮೇಲೆ ಇನ್ನೊಂದು ಬಂದರೆ ಮೊದಲನೆಯದರ ಹಿಡಿತ ಸಡಿಲವಾಗುತ್ತದೆ ಎಂದು ಪಿಯರ್ ಡಿ ಮೈಟ್ಸ್ 1973ರಲ್ಲೇ ಹೇಳಿದ್ದರು. ಬರಿಗಣ್ಣಿಗೆ ಕಾಣದ ಅಣುವಿನ ನಡತೆಯನ್ನು ಅಂಟಿ ಬಿಡುವ ವೇಗದಿಂದಲೇ ಊಹಿಸಿದ ಆ ಮಾತಿಗೆ ಹತ್ತಿರಹತ್ತಿರ ಐವತ್ತು ವರ್ಷಗಳ ನಂತರ ಕಣ್ಣಿಗೆ ಕಾಣುವ ಆಧಾರ ಸಿಕ್ಕಿತು.

ಕೋಶದೊಳಗಿನ ಸಂಕೇತ

ವಿಶ್ರಾಂತಿಯಲ್ಲಿರುವ ಕೈನೇಸಿನ ಒಂದು ಕುಣಿಕೆ ಅದರ ಕೆಲಸದ ಜಾಗಕ್ಕೇ ಅಡ್ಡ ಬಿದ್ದಿರುತ್ತದೆ. ಇದನ್ನು 1994ರಲ್ಲಿ ಸ್ಟೀವನ್ ಹಬರ್ಡ್ ಮತ್ತು ಸಂಗಡಿಗರು ತೋರಿಸಿದರು. ಬುಡಗಳು ಹತ್ತಿರ ಬಂದಾಗ ಒಂದು ಕೈನೇಸ್ ಎದುರಿನದರ ಕುಣಿಕೆಯಲ್ಲಿರುವ ಮೂರು ಟೈರೊಸಿನ್‌ಗಳಿಗೆ ಎಟಿಪಿಯಿಂದ ಫಾಸ್ಫೇಟ್ ತೆಗೆದು ಅಂಟಿಸುತ್ತದೆ. ಕುಣಿಕೆ ಸರಿಯುತ್ತದೆ, ಕಿಣ್ವ ಚುರುಕಾಗುತ್ತದೆ. ಇದೆಲ್ಲ ಸೆಕೆಂಡುಗಳ ಮಾತು.

ಚುರುಕಾದ ಗ್ರಾಹಕ ಮೊದಲು ಹುಡುಕುವುದು ಐಆರ್‌ಎಸ್ ಎಂಬ ಪ್ರೋಟೀನುಗಳನ್ನು. ಇವು ಸ್ವತಃ ಕಿಣ್ವಗಳಲ್ಲ. ಆದರೆ ಅವುಗಳ ಉದ್ದನೆಯ ಮೈಮೇಲೆ ಟೈರೊಸಿನ್‌ಗಳು ಅಲ್ಲಲ್ಲಿ ಹರಡಿಕೊಂಡಿದ್ದು, ಫಾಸ್ಫೇಟ್ ಬಿದ್ದ ಪ್ರತಿಯೊಂದು ತಾಣವೂ ಬೇರೆ ಪ್ರೋಟೀನುಗಳು ಬಂದು ಸೇರುವ ನೆಲೆಯಾಗುತ್ತದೆ. ಹಾಗೆ ಬರುವವುಗಳಲ್ಲಿ ಮುಖ್ಯವಾದದ್ದು ಪಿಐ3-ಕೈನೇಸ್. ಇದು ಪ್ರೋಟೀನಿಗಲ್ಲ, ಪೊರೆಯಲ್ಲೇ ಇರುವ ಒಂದು ಕೊಬ್ಬಿನ ಅಣುವಿಗೆ ಫಾಸ್ಫೇಟ್ ಸೇರಿಸಿ ಪಿಐಪಿ3 ತಯಾರಿಸುತ್ತದೆ. ಪೊರೆಯ ಒಳಮೈಯಲ್ಲಿ ಪಿಐಪಿ3 ಹೆಚ್ಚಾದ ಕಡೆಗೆ ಆಕ್ಟ್ ಎಂಬ ಕೈನೇಸ್ ಬಂದು ಸೇರಿ, ಅಲ್ಲಿ ಪಿಡಿಕೆ-1 ಹಾಗೂ ಎಂಟಾರ್ಕ್-2 ಎಂಬ ಎರಡು ಕಿಣ್ವಗಳಿಂದ ಫಾಸ್ಫೇಟ್ ಪಡೆದು ಪೂರ್ಣ ಚುರುಕಾಗುತ್ತದೆ. ಇನ್ಸುಲಿನ್ನಿನ ಚಯಾಪಚಯದ ಕೆಲಸಗಳೆಲ್ಲ ಹೆಚ್ಚುಕಡಿಮೆ ಆಕ್ಟ್ ಮೂಲಕವೇ ಸಾಗುತ್ತವೆ. ಮನುಷ್ಯರಲ್ಲಿ ಇದರ ಮಹತ್ವ ಒಂದು ಔಷಧದಿಂದ ನೇರವಾಗಿ ಗೊತ್ತಾಗಿದೆ: ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ 2019ರಿಂದ ಬಳಕೆಯಲ್ಲಿರುವ ಆಲ್ಪೆಲಿಸಿಬ್ ಪಿಐ3-ಕೈನೇಸನ್ನು ತಡೆಯುತ್ತದೆ, ಮತ್ತು ಅದನ್ನು ತೆಗೆದುಕೊಂಡ ಅನೇಕರಲ್ಲಿ ರಕ್ತದ ಸಕ್ಕರೆ ಏರುತ್ತದೆ.

ಸ್ನಾಯುವಿನಲ್ಲಿ ಮತ್ತು ಕೊಬ್ಬಿನ ಕೋಶದಲ್ಲಿ ಆಕ್ಟ್ ಮಾಡುವ ಕೆಲಸ ಗ್ಲೂಕೋಸ್ ಸಾಗಣೆಗೆ ಸಂಬಂಧಿಸಿದ್ದು. ಗ್ಲಟ್-4 ಎಂಬ ಸಾಗಣೆ ಪ್ರೋಟೀನು ಸಾಮಾನ್ಯ ಸಮಯದಲ್ಲಿ ಕೋಶದೊಳಗಿನ ಸಣ್ಣ ಕೋಶಿಕೆಗಳಲ್ಲಿ ಉಳಿದಿರುತ್ತದೆ. ಟಿಬಿಸಿ1ಡಿ4 ಎಂಬ ಇನ್ನೊಂದು ಪ್ರೋಟೀನು ಅವುಗಳನ್ನು ಅಲ್ಲೇ ತಡೆದಿಟ್ಟಿರುತ್ತದೆ. ಆಕ್ಟ್ ಅದಕ್ಕೆ ಫಾಸ್ಫೇಟ್ ಹಾಕಿದಾಗ ತಡೆ ಸಡಿಲವಾಗಿ, ಕೋಶಿಕೆಗಳು ಮೇಲಕ್ಕೆ ಸಾಗಿ ಹೊರಪೊರೆಯೊಂದಿಗೆ ಬೆರೆಯುತ್ತವೆ. ಇಲಿಯ ಕೊಬ್ಬಿನ ಕೋಶಗಳಲ್ಲಿ ಕೆಲವೇ ನಿಮಿಷಗಳಲ್ಲಿ ಪೊರೆಯ ಮೇಲಿನ ಗ್ಲಟ್-4 ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಗ್ಲೂಕೋಸ್ ಸಾಗಣೆ ಹೆಚ್ಚುವುದು ಹೀಗೆ ಪ್ರೋಟೀನು ಜಾಗ ಬದಲಿಸುವುದರಿಂದ ಎಂದು 1980ರಲ್ಲಿ ಅಮೆರಿಕದಲ್ಲಿ ಕುಶ್ಮನ್ ಮತ್ತು ವಾರ್ಡ್‌ಜಾಲಾ, ಸುಝುಕಿ ಮತ್ತು ಕೋನೊ ಬೇರೆಬೇರೆಯಾಗಿ ತೋರಿಸಿದ್ದರು. ಈ ಹಾದಿಯಲ್ಲಿ ಒಂದು ಕೊಂಡಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಗ್ರೀನ್‌ಲ್ಯಾಂಡಿನ ಇನುಯಿಟ್ ಜನರಲ್ಲಿ ಉದಾಹರಣೆ ಸಿಕ್ಕಿದೆ. ಅಲ್ಲಿ ಅನೇಕರ ಟಿಬಿಸಿ1ಡಿ4 ಜೀನಿನಲ್ಲಿ ಪ್ರೋಟೀನನ್ನು ಅರ್ಧದಲ್ಲೇ ನಿಲ್ಲಿಸುವ ಬದಲಾವಣೆ ಇದೆ. ತಂದೆತಾಯಿ ಇಬ್ಬರಿಂದಲೂ ಅದನ್ನು ಪಡೆದವರ ಸ್ನಾಯುಗಳಲ್ಲಿ ಗ್ಲಟ್-4 ಕಡಿಮೆ. ಊಟದ ನಂತರದ ಸಕ್ಕರೆ ಏರುತ್ತದೆ, ಮಧುಮೇಹದ ಸಾಧ್ಯತೆ ಸುಮಾರು ಹತ್ತು ಪಟ್ಟು ಹೆಚ್ಚು. 2014ರಲ್ಲಿ ಇದು ಪ್ರಕಟವಾಯಿತು.

ಗ್ಲಟ್-4 ಮೇಲೆ ಬರಲು ಇನ್ಸುಲಿನ್ ಒಂದೇ ದಾರಿಯಲ್ಲ. ಸ್ನಾಯು ಸಂಕುಚಿಸಿದಾಗಲೂ ಗ್ರಾಹಕವನ್ನು ಕೇಳದೆಯೇ ಅದು ಮೇಲಕ್ಕೆ ಬರುತ್ತದೆ. ಇನ್ಸುಲಿನ್ನಿಗೆ ಸರಿಯಾಗಿ ಓಗೊಡದ ದೇಹದಲ್ಲೂ ನಡಿಗೆ ಸಕ್ಕರೆ ಇಳಿಸುವುದು ಇದರಿಂದ. ವೈದ್ಯರು ಊಟವಾದ ಮೇಲೆ ಸ್ವಲ್ಪ ಓಡಾಡಿ ಎನ್ನುವುದು ಬರೀ ರೂಢಿಯ ಮಾತಲ್ಲ.

ಯಕೃತ್ತಿನಲ್ಲಿ ಆಜ್ಞೆ ಬೇರೆ: ಗ್ಲೂಕೋಸ್ ತಯಾರಿಸುವುದನ್ನು ನಿಲ್ಲಿಸು, ಇರುವುದನ್ನು ಕೂಡಿಡು. ಉಪವಾಸದಲ್ಲಿ ಫಾಕ್ಸೊ-1 ಎಂಬ ಪ್ರೋಟೀನು ಕೋಶಕೇಂದ್ರದಲ್ಲಿದ್ದು ಗ್ಲೂಕೋಸ್ ತಯಾರಿಕೆಯ ಜೀನುಗಳನ್ನು ಚಾಲನೆಯಲ್ಲಿಡುತ್ತದೆ. ಆಕ್ಟ್ ಅದಕ್ಕೆ ಫಾಸ್ಫೇಟ್ ಹಾಕಿದರೆ ಅದು ಕೋಶಕೇಂದ್ರ ಬಿಟ್ಟು ಹೊರಬರಬೇಕಾಗುತ್ತದೆ. ಇದೇ ಹೊತ್ತಿನಲ್ಲಿ ಜಿಎಸ್‌ಕೆ-3 ಎಂಬ ಕಿಣ್ವಕ್ಕೆ ತಡೆ ಬಿದ್ದು ಗ್ಲೂಕೋಸನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುವ ಕೆಲಸ ಶುರುವಾಗುತ್ತದೆ. ಕೊಬ್ಬು ತಯಾರಿಸುವ ಜೀನುಗಳೂ ಎಚ್ಚರಗೊಳ್ಳುತ್ತವೆ. ಕೊಬ್ಬಿನ ಕೋಶದಲ್ಲಿ ಸಂಗ್ರಹ ಕರಗುವುದು ನಿಲ್ಲುತ್ತದೆ. ಅದರಿಂದ ಯಕೃತ್ತಿಗೆ ಬರುವ ಕೊಬ್ಬಿನಾಮ್ಲ ಕಡಿಮೆಯಾಗಿ, ಗ್ಲೂಕೋಸ್ ತಯಾರಿಕೆ ಪರೋಕ್ಷವಾಗಿಯೂ ತಗ್ಗುತ್ತದೆ.

ಎರಡನೆಯ ದೊಡ್ಡ ಕವಲು ರಾಸ್ ಪ್ರೋಟೀನಿನ ಮೂಲಕ ಎಂಎಪಿ ಕೈನೇಸುಗಳ ಕಡೆಗೆ ಸಾಗುತ್ತದೆ. ಇದು ಕೋಶ ವಿಭಜನೆಗೆ, ಬೆಳವಣಿಗೆಗೆ ಸಂಬಂಧಿಸಿದ ಹಾದಿ.

ಯಾವ ಅಂಗದಲ್ಲಿ ಗ್ರಾಹಕ ಎಷ್ಟು ಮುಖ್ಯ ಎಂಬುದನ್ನು ಇಲಿಗಳಲ್ಲಿ ಜೀನನ್ನು ಆಯ್ದು ಅಳಿಸಿ ಪರೀಕ್ಷಿಸಿದ್ದಾರೆ. ಇಡೀ ದೇಹದಲ್ಲಿ ಅಳಿಸಿದರೆ ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುತ್ತವೆ. ಸ್ನಾಯುವಿನಲ್ಲಿ ಮಾತ್ರ ಅಳಿಸಿದ ಇಲಿಗಳ ರಕ್ತದ ಸಕ್ಕರೆ ಹೆಚ್ಚುಕಡಿಮೆ ಮಾಮೂಲಾಗಿಯೇ ಇತ್ತು. 1998ರ ಈ ಫಲಿತಾಂಶ ಎಲ್ಲರಿಗೂ ಅನಿರೀಕ್ಷಿತ. ಯಕೃತ್ತಿನಲ್ಲಿ ಅಳಿಸಿದಾಗ ತೀವ್ರ ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್ನಿಗೆ ಸರಿಯಾಗಿ ಓಗೊಡದ ಸ್ಥಿತಿ, ಕಾಣಿಸಿತು. ನರಕೋಶಗಳಲ್ಲಿ ಅಳಿಸಿದ ಇಲಿಗಳು ದಪ್ಪಗಾದವು, ಅವುಗಳ ಸಂತಾನಶಕ್ತಿಯೂ ಕುಂದಿತು. ಇನ್ಸುಲಿನ್ ಬರೀ ಸಕ್ಕರೆಯ ಹಾರ್ಮೋನು ಅಲ್ಲ ಎಂಬುದಕ್ಕೆ ಇದೊಂದೇ ಸಾಕು.

ಸಂಕೇತ ನಿಲ್ಲುವ ಬಗೆ

ಶುರುವಾಗುವುದರ ಬಗ್ಗೆ ಬರೆದಷ್ಟು ನಿಲ್ಲುವುದರ ಬಗ್ಗೆ ಯಾರೂ ಬರೆಯುವುದಿಲ್ಲ. ಆದರೆ ನಿಲ್ಲದ ಸಂಕೇತ ಕೋಶಕ್ಕೆ ಅಪಾಯ. ಪಿಟಿಪಿ-1ಬಿ ಎಂಬ ಕಿಣ್ವ ಗ್ರಾಹಕದ ಟೈರೊಸಿನ್‌ಗಳಿಂದ ಫಾಸ್ಫೇಟ್ ಕಿತ್ತು ತೆಗೆಯುತ್ತದೆ. ಪಿಟೆನ್ ಎಂಬುದು ಪಿಐಪಿ3ಯನ್ನು ಹಳೆಯ ರೂಪಕ್ಕೆ ತಿರುಗಿಸುತ್ತದೆ. ಅನೇಕ ಕ್ಯಾನ್ಸರುಗಳಲ್ಲಿ ಕಾಣೆಯಾಗಿರುವುದು ಇದೇ ಪಿಟೆನ್. ಐಆರ್‌ಎಸ್ ಮೇಲಿನ ಸೆರಿನ್‌ಗಳಿಗೆ ಫಾಸ್ಫೇಟ್ ಬಿದ್ದರೆ ಅದು ಗ್ರಾಹಕದೊಂದಿಗೆ ಸರಿಯಾಗಿ ಕೂಡಿಕೊಳ್ಳದು. ಇವೆಲ್ಲದರ ಜೊತೆಗೆ ಗ್ರಾಹಕವೇ ಇನ್ಸುಲಿನ್ನನ್ನು ಹಿಡಿದುಕೊಂಡು ಕೋಶದೊಳಕ್ಕೆ ಮುಳುಗುತ್ತದೆ. ಒಳಗಿನ ಆಮ್ಲೀಯ ಕೋಶಿಕೆಯಲ್ಲಿ ಎರಡೂ ಬೇರ್ಪಟ್ಟು, ಇನ್ಸುಲಿನ್ ಚೂರಾಗುತ್ತದೆ, ಗ್ರಾಹಕ ಬಹುಪಾಲು ಪೊರೆಗೆ ಮರಳುತ್ತದೆ. ರಕ್ತದಲ್ಲಿ ಇನ್ಸುಲಿನ್ನಿನ ಅರ್ಧಾಯು ನಾಲ್ಕೈದು ನಿಮಿಷವಷ್ಟೇ ಇರಲು, ಮತ್ತು ಮೇದೋಜೀರಕದಿಂದ ಹೊರಟ ಇನ್ಸುಲಿನ್ನಿನ ಸುಮಾರು ಅರ್ಧದಷ್ಟು ಯಕೃತ್ತನ್ನು ಮೊದಲ ಬಾರಿ ಹಾಯುವಾಗಲೇ ಕಳೆದುಹೋಗಲು ಇದು ಮುಖ್ಯ ಕಾರಣ.

ಇನ್ಸುಲಿನ್ ಪ್ರತಿರೋಧ

ದೇಹ ಇನ್ಸುಲಿನ್ನಿಗೆ ಓಗೊಡದಿರಲು ಗ್ರಾಹಕದ ಜೀನೇ ಕೆಟ್ಟಿರುವುದು ಕಾರಣವಾಗುವುದು ಬಹಳ ಅಪರೂಪ. ಎರಡೂ ಪ್ರತಿಗಳು ಪೂರ್ತಿ ಕೆಟ್ಟರೆ ಡಾನಹ್ಯೂ ಸಿಂಡ್ರೋಮ್. ಮಗು ಗರ್ಭದಲ್ಲೇ ಸೊರಗಿ, ಸಾಮಾನ್ಯವಾಗಿ ಶೈಶವದಲ್ಲೇ ತೀರಿಕೊಳ್ಳುತ್ತದೆ. ಸ್ವಲ್ಪ ಕೆಲಸ ಉಳಿದಿದ್ದರೆ ರಾಬ್ಸನ್-ಮೆಂಡನ್‌ಹಾಲ್ ಸಿಂಡ್ರೋಮ್. 1976ರಲ್ಲಿ ಕಾನ್, ಫ್ಲೈಯರ್, ರಾತ್ ಮೊದಲಾದವರು ತೀವ್ರ ಪ್ರತಿರೋಧದ ಎ ಮತ್ತು ಬಿ ಎಂಬ ಎರಡು ಬಗೆಗಳನ್ನು ವರ್ಣಿಸಿದರು: ಎ ಬಗೆಯಲ್ಲಿ ಗ್ರಾಹಕದಲ್ಲೇ ದೋಷ, ಬಿ ಬಗೆಯಲ್ಲಿ ದೇಹ ತನ್ನ ಗ್ರಾಹಕದ ವಿರುದ್ಧವೇ ಪ್ರತಿಕಾಯ ತಯಾರಿಸುತ್ತದೆ. ಈ ರೋಗಿಗಳ ಕತ್ತು, ಕಂಕುಳಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಸಾಮಾನ್ಯ ಪ್ರತಿರೋಧವಿರುವ ಎಷ್ಟೋ ಜನರಲ್ಲೂ, ಮಕ್ಕಳಲ್ಲೂ ಈ ಕಪ್ಪು ಕಾಣುತ್ತದೆ. ಅದನ್ನು ಕೊಳೆಯೆಂದು ತಿಕ್ಕಿ ತೊಳೆಯುವುದರ ಬದಲು ರಕ್ತ ಪರೀಕ್ಷೆ ಮಾಡಿಸುವುದು ಒಳಿತು.

ಟೈಪ್-2 ಮಧುಮೇಹದಲ್ಲಿ ಗ್ರಾಹಕ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಸದಾ ಹೆಚ್ಚು ಇನ್ಸುಲಿನ್ ಇದ್ದರೆ ಪೊರೆಯ ಮೇಲೆ ಗ್ರಾಹಕಗಳ ಸಂಖ್ಯೆ ತಗ್ಗುವುದು ನಿಜ. ಆದರೆ ಕೋನೊ ಮತ್ತು ಬಾರಮ್ ಕಂಡಂತೆ ಹೆಚ್ಚುವರಿ ಗ್ರಾಹಕಗಳು ಬೇಕಾದಷ್ಟಿರುವುದರಿಂದ, ಸಂಖ್ಯೆ ತಗ್ಗಿದ ಮಾತ್ರಕ್ಕೆ ಗರಿಷ್ಠ ಪರಿಣಾಮ ಕುಸಿಯಬೇಕಾಗಿಲ್ಲ. ಅದು ಕುಸಿದಿದೆಯೆಂದರೆ ತೊಂದರೆ ಗ್ರಾಹಕದಿಂದ ಮುಂದೆ ಎಲ್ಲೋ ಇದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಸಲ್ಲದ ಕೊಬ್ಬು ಸೇರಿದಾಗ ಹುಟ್ಟುವ ಡೈಅಸೈಲ್‌ಗ್ಲಿಸರಾಲ್ ಕೆಲವು ಕೈನೇಸುಗಳನ್ನು ಕೆರಳಿಸುತ್ತದೆ. ಕೊಬ್ಬಿನ ಅಂಗಾಂಶದ ಉರಿಯೂತದಿಂದ ಬರುವ ಟಿಎನ್‌ಎಫ್-ಆಲ್ಫಾದಂಥ ಅಣುಗಳೂ ಹಾಗೆಯೇ. ಎರಡೂ ಸೇರಿ ಗ್ರಾಹಕ ಮತ್ತು ಐಆರ್‌ಎಸ್ ನಡುವಿನ ಮಾತುಕತೆಯನ್ನು ಕೆಡಿಸುತ್ತವೆ ಎಂಬುದು ಈಗಿನ ಮುಖ್ಯ ವಿವರಣೆ. ಯಕೃತ್ತಿನಲ್ಲಿ ಇನ್ನೂ ಒಂದು ಕಷ್ಟವಿದೆ. ಪ್ರತಿರೋಧ ಎಲ್ಲ ಕವಲುಗಳನ್ನೂ ಒಂದೇ ರೀತಿ ಬಾಧಿಸುವುದಿಲ್ಲ: ಗ್ಲೂಕೋಸ್ ತಯಾರಿಕೆ ನಿಲ್ಲಿಸು ಎಂಬ ಮಾತು ಕೇಳದಾಗುತ್ತದೆ, ಕೊಬ್ಬು ತಯಾರಿಸು ಎಂಬ ಮಾತು ಕೇಳುತ್ತಲೇ ಇರುತ್ತದೆ. ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 2008ರಲ್ಲಿ ಈ ವೈರುಧ್ಯದತ್ತ ಎಲ್ಲರ ಗಮನ ಸೆಳೆದರು. ಮಧುಮೇಹಿಗಳಲ್ಲಿ ಸಕ್ಕರೆಯೂ ಟ್ರೈಗ್ಲಿಸರೈಡೂ ಜೊತೆಜೊತೆಯಾಗಿ ಏರುವುದಕ್ಕೆ ಇದು ಉತ್ತರ ಕೊಡುತ್ತದೆ.

ಪ್ರತಿರೋಧದ ಬೀಜ ಎಷ್ಟು ಮುಂಚೆ ಬೀಳುತ್ತದೆ ಎಂಬ ಪ್ರಶ್ನೆಗೆ ಮೈಸೂರಿನಿಂದ ಬಂದ ಉತ್ತರಕ್ಕೆ ಜಗತ್ತಿನಲ್ಲಿ ಬೆಲೆಯಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದದ ದಾಖಲೆಗಳನ್ನು ಜೋಪಾನವಾಗಿ ಇಟ್ಟಿತ್ತು. ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಉದ್ದ ಕಡಿಮೆಯಿದ್ದು ಮೈ ತುಂಬಿಕೊಂಡಿದ್ದವರಲ್ಲಿ ಮಧುಮೇಹ ಹೆಚ್ಚಾಗಿತ್ತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ ಗರ್ಭಿಣಿಯರಿಂದಲೇ ಆರಂಭಿಸಿ ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಬಸಿರಿನಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಹತ್ತು ವರ್ಷ ತುಂಬುವ ಮೊದಲೇ ಕೊಬ್ಬೂ ಇನ್ಸುಲಿನ್ ಪ್ರತಿರೋಧವೂ ಹೆಚ್ಚಾಗಿ ಕಂಡವು.

ಜೀವಜಗತ್ತಿನಲ್ಲಿ

ಈ ವ್ಯವಸ್ಥೆ ಬಹಳ ಪ್ರಾಚೀನ. ಸಿ. ಎಲಿಗನ್ಸ್ ಎಂಬ ಸೂಕ್ಷ್ಮ ಹುಳುವಿನಲ್ಲಿ ಡಾಫ್-2 ಎಂಬ ಜೀನು ಕುಂದಿದರೆ ಅದರ ಆಯುಸ್ಸು ಎರಡು ಪಟ್ಟಾಗುತ್ತದೆ ಎಂದು 1993ರಲ್ಲಿ ಸಿಂಥಿಯಾ ಕೆನ್ಯನ್ ತಂಡ ಕಂಡಿತು. 1997ರಲ್ಲಿ ಆ ಜೀನು ಇನ್ಸುಲಿನ್ ಗ್ರಾಹಕದ್ದೇ ಬಂಧು ಎಂದು ಗ್ಯಾರಿ ರವ್ಕನ್ ತಂಡ ತೋರಿಸಿತು. ರಾಮನಗರದ ಮಾರುಕಟ್ಟೆಗೆ ಗೂಡು ಕೊಡುವ ರೇಷ್ಮೆಹುಳುವಿನ ಮಿದುಳಿನಲ್ಲೂ ಬಾಂಬಿಕ್ಸಿನ್ ಎಂಬ ಇನ್ಸುಲಿನ್ ಸೋದರನಿದೆ. ಜಪಾನಿನ ವಿಜ್ಞಾನಿಗಳು 1980ರ ದಶಕದಲ್ಲಿ ಅದನ್ನು ಬೇರ್ಪಡಿಸಿದರು. ಕೆಲವು ಶಂಕು ಬಸವನಹುಳುಗಳು ಇನ್ಸುಲಿನ್ನನ್ನೇ ಬೇಟೆಗೆ ಬಳಸುತ್ತವೆ: ಮೀನಿನ ಗ್ರಾಹಕಕ್ಕೆ ಹೊಂದುವ ಇನ್ಸುಲಿನ್ನನ್ನು ನೀರಿಗೆ ಬಿಟ್ಟು, ಸಕ್ಕರೆ ಇಳಿದು ಮಂಕಾದ ಮೀನನ್ನು ನುಂಗುತ್ತವೆ.

ಔಷಧಗಳು

ಹೊಸ ಇನ್ಸುಲಿನ್‌ಗಳ ತಯಾರಿಕೆಯಲ್ಲಿ ಗ್ರಾಹಕದ ಜ್ಞಾನ ನೇರವಾಗಿ ಬಳಕೆಯಾಗುತ್ತಿದೆ, ಒಮ್ಮೆ ಎಚ್ಚರಿಕೆಯಾಗಿಯೂ ಬಳಕೆಯಾಗಿದೆ. ಬಿ-ಸರಪಳಿಯ ಹತ್ತನೆಯ ಅಮೈನೋ ಆಮ್ಲ ಬದಲಿಸಿದ ಎಕ್ಸ್-10 ಇನ್ಸುಲಿನ್ ಗ್ರಾಹಕವನ್ನು ಬಹಳ ಹೊತ್ತು ಬಿಡದೆ ಹಿಡಿದಿರುತ್ತಿತ್ತು. ಹೆಣ್ಣು ಇಲಿಗಳಲ್ಲಿ ಸ್ತನದ ಗೆಡ್ಡೆಗಳು ಕಾಣಿಸಿಕೊಂಡದ್ದರಿಂದ ಅದನ್ನು ಕೈಬಿಟ್ಟರು. ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದಕ್ಕಿಂತ ಎಷ್ಟು ಹೊತ್ತು ಹಿಡಿದಿರುತ್ತದೆ ಎಂಬುದು ಯಾವ ಕವಲು ಚುರುಕಾಗುತ್ತದೆ ಎಂಬುದನ್ನು ನಿರ್ಧರಿಸಬಹುದು ಎಂಬ ಅರಿವು ಅಲ್ಲಿಂದ ಬೆಳೆಯಿತು. ಎಸ್-597 ಎಂಬ ಪೆಪ್ಟೈಡ್ ರಚನೆಯಲ್ಲಿ ಇನ್ಸುಲಿನ್ನನ್ನು ಹೋಲುವುದೇ ಇಲ್ಲ. ಆದರೂ ಅದು ಗ್ರಾಹಕವನ್ನು ಎಬ್ಬಿಸಿ ಆಕ್ಟ್ ಹಾದಿಯನ್ನು ಚೆನ್ನಾಗಿ ನಡೆಸುತ್ತದೆ, ಎಂಎಪಿ ಕೈನೇಸಿನ ಹಾದಿಯನ್ನು ಅಷ್ಟಾಗಿ ಮುಟ್ಟುವುದಿಲ್ಲ. 2024ರಲ್ಲಿ ಯುರೋಪಿನಲ್ಲಿ ಅನುಮತಿ ಪಡೆದ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಐಕೊಡೆಕ್ ಎಂಬ ಇನ್ಸುಲಿನ್ ಬೇರೆ ತರ್ಕದ್ದು. ಅದು ರಕ್ತದ ಆಲ್ಬುಮಿನ್ನಿಗೆ ಅಂಟಿಕೊಂಡು ಕಾಯುತ್ತದೆ. ಗ್ರಾಹಕವೇ ಇನ್ಸುಲಿನ್ನನ್ನು ನುಂಗಿ ಕಳೆಯುವುದರಿಂದ, ಗ್ರಾಹಕದ ಮೇಲಿನ ಅದರ ಹಿಡಿತವನ್ನು ಬೇಕೆಂದೇ ಸಡಿಲಗೊಳಿಸಿದ್ದಾರೆ. ಅರ್ಧಾಯು ನಿಮಿಷಗಳಿಂದ ಸುಮಾರು ಒಂದು ವಾರಕ್ಕೆ ಏರಿದೆ.